ಹೆಸರಿಗಷ್ಟೇ ಅಭ್ಯರ್ಥಿ

ಡೆಸ್ಮಂಡ್ ಪಿಕರ್ಸ್‌ಗಿಲ್ ಮಾಡಿದ ತಪ್ಪು ಒಂದೇ. ಮನೆಗೆ ಬಂದು ಚಹಾ ಕುಡಿದ ಕ್ಲೈವ್ ತನ್ನತ್ತ ಚಾಚಿದ ಚುನಾವಣಾ ನಾಮಪತ್ರಕ್ಕೆ, ಇಲ್ಲ ಎನ್ನಲಾರದೆ ಸಹಿ ಹಾಕಿದ್ದು.

"ಬರೀ ಹೆಸರಿಗೆ ಕಣಯ್ಯ," ಎಂದಿದ್ದ ಕ್ಲೈವ್. ಯಾರ್ಕ್‌ಶೈರಿನ ಆ ಪುಟ್ಟ ಊರಿನಲ್ಲಿ ಅವನ ಪಕ್ಷಕ್ಕೆ ಇದ್ದದ್ದು ಅವನೊಬ್ಬನೇ ಕಾರ್ಯಕರ್ತ. "ಎಲ್ಲಾ ವಾರ್ಡಲ್ಲೂ ನಮ್ಮೋರಿದಾರೆ ಅಂತ ಲಂಡನ್ನೋರಿಗೆ ತೋರಿಸ್ಬೇಕು, ಅಷ್ಟೇ. ಹೋದ ಸಲ ನಮಗೆ ಬಿದ್ದಿದ್ದು ಹನ್ನೊಂದು ಓಟು. ಬ್ರೆಂಡಾ ಇಪ್ಪತ್ತೆರಡು ವರ್ಷದಿಂದ ಕೌನ್ಸಿಲರು. ಅವಳನ್ನ ಅಲ್ಲಾಡ್ಸೋಕೆ ಯಾರ ಕೈಲಾಗತ್ತೆ?"

ಆಮೇಲೆ ಡೆಸ್ಮಂಡನನ್ನು ರಸ್ತೆಯ ಗುಂಡಿಯೊಂದರ ಪಕ್ಕ ನಿಲ್ಲಿಸಿ, ಅದಕ್ಕೆ ಬೆರಳು ತೋರಿಸಿ ಮುಖ ಗಂಟಿಕ್ಕಲು ಹೇಳಿ ಫೋಟೋ ತೆಗೆದ. ಗುಂಡಿಗೆ ಬೆರಳು ತೋರಿಸದವನನ್ನು ಅಭ್ಯರ್ಥಿ ಎಂದು ಯಾರು ನಂಬುತ್ತಾರೆ? ಬ್ರೆಂಡಾ ಕೂಡ ಇಪ್ಪತ್ತೆರಡು ವರ್ಷದಿಂದ ಅದೇ ಗುಂಡಿಗೆ ಬೆರಳು ತೋರಿಸಿಕೊಂಡು ಬಂದವಳು. ಡೆಸ್ಮಂಡನಿಗೆ ಮಾತ್ರ ಗಂಟಿಕ್ಕಲು ಬರಲಿಲ್ಲ. ಮನೆಯ ಬೀಗದಕೈ ಗುಂಡಿಯಲ್ಲಿ ಬಿದ್ದುಹೋದವನ ಹಾಗೆ ಕಾಣುತ್ತಿದ್ದ.

ಹೆಂಡತಿ ಮ್ಯೂರಿಯಲ್ ಇದನ್ನು ನೋಡಿ ನಗಲಿಲ್ಲ. ಮೂವತ್ತೊಂದು ವರ್ಷ ಡೆಸ್ಮಂಡ್ ಊರವರನ್ನೆಲ್ಲ ಬಸ್ಸಿನಲ್ಲಿ ಸಮುದ್ರಕ್ಕೆ ಕರೆದೊಯ್ದು ಸಂಜೆಗೆ ವಾಪಸ್ ತಂದಿದ್ದ. ಅವರು ನೀರಿನಲ್ಲಿ ಆಡುವಾಗ ಇವನು ಸ್ಟಿಯರಿಂಗ್ ಮುಂದೆ ಕೂತು ಸ್ಯಾಂಡ್‌ವಿಚ್ ತಿಂದದ್ದೇ ಬಂತು. ಈಗ ನಿವೃತ್ತಿಯಾಗಿತ್ತು. ಫೈಲಿಯ ಕಡಲತೀರದಲ್ಲಿ ಒಂದು ಕ್ಯಾರವಾನ್, ಅಂದರೆ ಗಾಲಿಯ ಮೇಲಿನ ಪುಟ್ಟ ಮನೆ, ಗೊತ್ತುಮಾಡಿದ್ದರು. ಚುನಾವಣೆ ಮುಗಿದ ಭಾನುವಾರ ಹೊರಟರೆ ಬೇಸಗೆ ಪೂರ್ತಿ ಅಲ್ಲೇ.

"ನೀನೇನಾದ್ರೂ ಗೆದ್ಬಿಟ್ರೆ?" ಎಂದಳು ಮ್ಯೂರಿಯಲ್.

"ನನಗ್ಯಾರು ಹಾಕ್ತಾರೆ ಬಿಡೇ. ನಾನೇ ಬ್ರೆಂಡಾಗೆ ಹಾಕ್ತೀನಿ. ನೀನೂ ಹಾಕು."

"ಮಾತು ಕೊಟ್ಟೆ ತಾನೇ?"

"ಕೊಟ್ಟೆ ಮಾರಾಯ್ತಿ."

ಮತದಾನದ ಬೆಳಿಗ್ಗೆ ಪಕ್ಕದ ಮನೆಯ ಮಿಸೆಸ್ ಓಲ್ಡ್‌ರಾಯ್ಡ್ ಬೇಲಿಯ ಮೇಲಿಂದ ಕತ್ತು ಚಾಚಿದರು. "ಕರಪತ್ರದಲ್ಲಿ ನಿನ್ನ ಫೋಟೋ ನೋಡ್ದೆ ಕಣಪ್ಪಾ. ಎಷ್ಟು ಸೊರಗಿದೀಯ."

"ನನಗೆ ಓಟು ಹಾಕ್ಬೇಡಿ, ನಿಮ್ಮ ಕೈ ಮುಗೀತೀನಿ," ಎಂದ ಡೆಸ್ಮಂಡ್.

"ಅಯ್ಯೋ ಪಾಪ. ಇಷ್ಟು ಬೇಗ ಮನಸ್ಸು ಮುರ್ಕೋತಾರಾ?" ಎಂದವರೇ ಕೋಟು ಹಾಕಿಕೊಂಡು ಹೊರಟೇಬಿಟ್ಟರು.

ಮಾಂಸದಂಗಡಿಯ ನೆವಿಲ್‌ಗೂ ಡೆಸ್ಮಂಡ್ ಅದನ್ನೇ ಹೇಳಿದ. ನೆವಿಲ್, "ಓಟು ಬೇಡ ಅಂದ ರಾಜಕಾರಣೀನ ಜನ್ಮದಲ್ಲೇ ಮೊದಲು ನೋಡ್ತಿರೋದು," ಎಂದು ಒಂದು ಪೋರ್ಕ್ ಪೈ ಕಟ್ಟಿಕೊಟ್ಟ. ಮಧ್ಯಾಹ್ನದ ಹೊತ್ತಿಗೆ, ಡೆಸ್ಮಂಡ್ ಬೀದಿಯಲ್ಲಿ ನಿಂತು ಅಳುತ್ತಿದ್ದಾನಂತೆ ಎಂಬ ಸುದ್ದಿ ಊರೆಲ್ಲ ಹಬ್ಬಿತ್ತು. ಸ್ವತಃ ಬ್ರೆಂಡಾ ಬಂದು ಬೆನ್ನು ತಟ್ಟಿದಳು. "ಸೋಲೋ ಸಂಕಟ ನನಗೂ ಗೊತ್ತು. ಗೊತ್ತಿಲ್ಲ, ನಿಜ ಹೇಳ್ಬೇಕಂದ್ರೆ. ಆದ್ರೂ ಧೈರ್ಯ ತಗೋ."

ಸಂಜೆ ಗಂಡಹೆಂಡಿರು ಓಟು ಹಾಕಲು ಚರ್ಚಿನ ಸಭಾಂಗಣಕ್ಕೆ ಹೋದರು. ಮ್ಯೂರಿಯಲ್ ಸರಕ್ಕನೆ ಗುರುತು ಹಾಕಿ ಹೊರಬಂದಳು. ಡೆಸ್ಮಂಡ್ ದಾರಕ್ಕೆ ಕಟ್ಟಿದ ಪೆನ್ಸಿಲ್ ಹಿಡಿದು ನಿಂತ. ಮತಪತ್ರದಲ್ಲಿ ಅವನದೇ ಹೆಸರಿತ್ತು. ಅರವತ್ತೇಳು ವರ್ಷದಲ್ಲಿ ಈ ಚುನಾವಣೆಗೆ ಮೊದಲು ಅದು ಅಚ್ಚಾಗಿದ್ದು ಬಸ್ ಡಿಪೋದ ಡ್ಯೂಟಿ ಪಟ್ಟಿಯಲ್ಲಿ ಮಾತ್ರ.

"ಒಂದು ಗುರುತಿಗೆ ಇಷ್ಟು ಹೊತ್ತಾ?" ಎಂದಳು ಮ್ಯೂರಿಯಲ್, ಅವನು ಹೊರಬಂದಾಗ.

"ಪೆನ್ಸಿಲ್ ಮೊಂಡಾಗಿತ್ತು."

ಮರುದಿನ ಊರಿನ ಬ್ಯಾಡ್ಮಿಂಟನ್ ಅಂಗಳದಲ್ಲಿ ಓಟುಗಳನ್ನು ಮೂರು ಸಲ ಎಣಿಸಿದರು. ಮೂರು ಸಲವೂ ಅದೇ: ಬ್ರೆಂಡಾಗೆ ನಾನೂರ ಹನ್ನೆರಡು, ಡೆಸ್ಮಂಡನಿಗೆ ನಾನೂರ ಹದಿಮೂರು.

ಮಿಸೆಸ್ ಓಲ್ಡ್‌ರಾಯ್ಡ್ ಕಣ್ಣೊರೆಸಿಕೊಂಡರು. "ಪಾಪ, ಸೊನ್ನೆ ಬರಬಾರ್ದು ಅಂತ ನಾನೊಬ್ಳೇ ಹಾಕಿದ್ದು ಅಂದ್ಕೊಂಡಿದ್ದೆ." ಹಿಂದೆ ನಿಂತಿದ್ದ ನೆವಿಲ್, "ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದ. ಇಡೀ ಊರೇ ಹಾಗೆ ಅಂದುಕೊಂಡಿತ್ತು.

ಮ್ಯೂರಿಯಲ್ ಗಂಡನನ್ನು ಮೂಲೆಗೆ ಕರೆದಳು. "ಒಂದೇ ಒಂದು ಓಟು. ನಾನಂತೂ ಬ್ರೆಂಡಾಗೇ ಹಾಕಿದ್ದು."

ಡೆಸ್ಮಂಡ್ ತನ್ನ ಬೂಟು ನೋಡುತ್ತಿದ್ದ. ಅವನ ಕಿವಿಗಳು ಕೆಂಪಾಗಿದ್ದವು.

"ಪೆನ್ಸಿಲ್ ಮೊಂಡಾಗಿತ್ತು ಅಂದ್ಯಲ್ಲ," ಎಂದಳು ಮೆಲ್ಲಗೆ.

"ಕೈ ತಾನೇ ಅಲ್ಲಿಗೆ ಹೋಯ್ತು ಕಣೇ."

ಮ್ಯೂರಿಯಲ್ ಅವನ ಕಾಲರು ಸರಿಮಾಡಿದಳು. "ನಿನ್ನ ಹೆಸರು ನೋಡಿ ನನ್ನ ಕೈಯೂ ತಡೀತು. ನಾನು ಸಮುದ್ರ ನೆನೆಸ್ಕೊಂಡೆ, ಅಷ್ಟೇ. ಮೊದಲ ಸಭೆ ಯಾವತ್ತಂತೆ?"

"ಸೋಮವಾರ. ಗುಂಡಿ ವಿಚಾರ."

ಹೊರಗೆ ಮಳೆ ಬಿದ್ದು ಆ ಗುಂಡಿ ತುಂಬಿಕೊಂಡಿತ್ತು. ಹೊಸ ಕೌನ್ಸಿಲರನ ಫೋಟೋ ತೆಗೆಯಲು ಕ್ಲೈವ್ ಅದರ ಪಕ್ಕದಲ್ಲೇ ಕಾಯುತ್ತಿದ್ದ. ಡೆಸ್ಮಂಡ್ ನೀರಿಗೆ ಬೆರಳು ತೋರಿಸಿ ನಿಂತ. ಈ ಸಲ ಮುಖ ಗಂಟಿಕ್ಕು ಎಂದು ಯಾರೂ ಹೇಳಬೇಕಾಗಲಿಲ್ಲ.