ಸರತಿ ಸಾಲಿನಲ್ಲಿ ಬಾಯಿ ಬಳಕೆಯ ನಿಷೇಧ ಕುರಿತು

ಸರತಿ ಸಾಲುಗಳ ನಿರ್ದೇಶನಾಲಯ
ಕಾಮಗ್ವೇ, ಕ್ಯೂಬಾ

ಸಂಖ್ಯೆ: ಸಸಾನಿ/ಭಾಷೆ/ಗ್ಯಾಸ್/17
ದಿನಾಂಕ: ಶುಕ್ರವಾರ (ತಾರೀಖಿನ ಮೊಹರಿನ ಮಸಿ ಒಣಗಿದೆ)

ಸುತ್ತೋಲೆ

ವಿಷಯ: ಅಡುಗೆ ಅನಿಲದ ಸಾಲಿಗಾಗಿ ರೂಪಿಸಲಾದ 'ಸರತಿನುಡಿ' ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಅನುಷ್ಠಾನಗೊಳಿಸುವ ವಿಧಾನಗಳು.

ಉಲ್ಲೇಖ: 1) ಇದೇ ವಿಷಯದ ಹಿಂದಿನ ಸುತ್ತೋಲೆ (ಹುಡುಕಲಾಗುತ್ತಿದೆ).
2) ಶ್ರೀಮತಿ ಎನೈದಾ ಸಾಯಾಸ್ ಅವರು ಗುರುವಾರ ಕಚೇರಿಯ ಕಿಟಕಿಯೊಳಗೆ ತಲೆ ತೂರಿಸಿ ಆಡಿದ ಮಾತುಗಳು.

1. ಈ ಊರಿನ ನಾಗರಿಕರು ಯಾವುದೇ ಸಾಲಿಗೆ ಬಂದೊಡನೆ "ಯಾರ್ರೀ ಕೊನೇವರು?" ಎಂದು ಕೂಗುವುದು, ಯಾರೋ ಒಬ್ಬರು ಕೈ ಎತ್ತುವುದು, ಬಂದವರು "ಹಾಗಾದ್ರೆ ನಿಮ್ಮ ಹಿಂದೆ ನಾನು, ನೋಡ್ಕೊಳ್ಳಿ" ಎಂದು ಹೇಳಿ ನೆರಳಿಗೋ ಇನ್ನೊಂದು ಸಾಲಿಗೋ ಹೊರಟುಹೋಗುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಈ ಪದ್ಧತಿಯು ಲಾಗಾಯ್ತಿನಿಂದ ನಡೆದುಬಂದಿದ್ದು, ಒಮ್ಮೆಯೂ ಕೆಟ್ಟಿರುವುದಿಲ್ಲ. ಕೆಡದೇ ಇರುವುದನ್ನು ದುರಸ್ತಿ ಮಾಡಲು ನಿಯಮಗಳಲ್ಲಿ ಅವಕಾಶವಿಲ್ಲದ ಕಾರಣ, ಸರತಿಗೆ ಮಾತ್ರ ಬಳಸಬಹುದಾದ, ಬೇರಾವ ಕೆಲಸಕ್ಕೂ ಬಾರದ ಪ್ರತ್ಯೇಕ ಭಾಷೆಯೊಂದನ್ನು ನಿರ್ಮಿಸಲಾಗಿದೆ.

2. ನಿರ್ಮಾಣದ ವಿಧಾನದ ಬಗ್ಗೆ ಮೂರು ಶಾಖೆಗಳ ನಡುವೆ ಒಮ್ಮತ ಮೂಡದ್ದರಿಂದ ಮೂರು ವಿಧಾನಗಳನ್ನೂ ಅಂಗೀಕರಿಸಲಾಗಿದೆ:

(ಅ) ಒಂದನೇ ಶಾಖೆಯು ಈಗಾಗಲೇ ಇರುವ ದೊಡ್ಡ ಭಾಷೆಯೊಂದರ ಮನೆಯಲ್ಲಿ ಸರತಿನುಡಿಯನ್ನು ಬಾಡಿಗೆಗೆ ಇರಿಸಿದೆ. ಹೊಸ ವ್ಯಾಕರಣದ ಗೋಜಿಲ್ಲ. ಆದರೆ ತಪ್ಪಾದಾಗ ಬೈಗುಳವು ದೊಡ್ಡ ಭಾಷೆಯಲ್ಲೇ ಬರುತ್ತದೆ. ವೃದ್ಧೆಯೊಬ್ಬರಿಗೆ 'ಈ ವಸ್ತುವಿಗೆ ಅಂಥ ಗುಣವಿಲ್ಲ' ಎಂಬ ಸಂದೇಶ ಹೋಗಿದ್ದು, ಅವರು ಕೊಡೆ ಎತ್ತಿರುತ್ತಾರೆ.

(ಆ) ಎರಡನೇ ಶಾಖೆಯು ಸ್ವಂತ ವ್ಯಾಕರಣ ಬರೆದು, ಒಂದೊಂದೇ ಆಜ್ಞೆಯನ್ನು ಓದಿ ಅಲ್ಲಲ್ಲೇ ಜಾರಿಗೊಳಿಸುತ್ತದೆ. ಮೊದಲ ವ್ಯಕ್ತಿಗೆ ಸಿಲಿಂಡರ್ ಕೊಡುವಷ್ಟರಲ್ಲಿ ಕರೆಂಟು ಹೋಗುತ್ತದೆ. ಬಂದ ಮೇಲೆ ಓದು ಪುನಃ ಮೊದಲಿನಿಂದ. ಸದರಿ ಮೊದಲ ವ್ಯಕ್ತಿಯು ಮನೆಯಲ್ಲಿ ಇನ್ನು ಸಿಲಿಂಡರ್ ಇಡಲು ಜಾಗವಿಲ್ಲವೆಂದು ಮನವಿ ಸಲ್ಲಿಸಿದ್ದಾರೆ.

(ಇ) ಮೂರನೇ ಶಾಖೆಯು ಇಡೀ ಸರತಿಯನ್ನು ಮೊದಲೇ ಓದಿ ಒಟ್ಟಾಗಿ ಯಂತ್ರದ ಭಾಷೆಗೆ ತಿರುಗಿಸುತ್ತದೆ. ಇದು ಅತ್ಯಂತ ವೇಗದ ವಿಧಾನ. ಆದರೆ ಬರಬೇಕಾದವರೆಲ್ಲ ಬಂದು ಮುಗಿಯುವವರೆಗೆ ಶುರುವಾಗುವುದಿಲ್ಲ. ಊರಿನಲ್ಲಿ ಇನ್ನು ಯಾರೂ ಹುಟ್ಟುವುದಿಲ್ಲವೆಂಬ ದೃಢೀಕರಣ ಪತ್ರವನ್ನು ಹೆರಿಗೆ ಆಸ್ಪತ್ರೆಯಿಂದ ಕೋರಲಾಗಿದೆ.

3. ಒಬ್ಬ ವ್ಯಕ್ತಿ ಏಕಕಾಲಕ್ಕೆ ಎರಡು ಸಾಲಿನಲ್ಲಿ ಇರುವುದು ವಾಕ್ಯದೋಷವೆಂದು ಮೂರೂ ಶಾಖೆಗಳು ಒಪ್ಪಿವೆ. ಶ್ರೀಮತಿ ಎನೈದಾ ಅವರು ಗುರುವಾರ ಗ್ಯಾಸಿನ ಸಾಲಿನಲ್ಲೂ ಬ್ರೆಡ್ಡಿನ ಸಾಲಿನಲ್ಲೂ ಜಾಗ ಹೇಳಿಟ್ಟಿದ್ದು, ಅವರನ್ನು ಅಳಿಸಲಾಯಿತು. ತತ್ಪರಿಣಾಮವಾಗಿ ಅವರ ಹಿಂದಿನವರು ಯಾರ ಹಿಂದೆಯೂ ಇಲ್ಲದವರಾಗಿ, ಅವರ ಹಿಂದಿನವರೂ ಹಾಗೆಯೇ ಆಗಿ, ಇಡೀ ಬೀದಿ ಅಳಿಸಿಹೋಯಿತು. ಸಿಲಿಂಡರ್ ತುಂಬಿದ ಲಾರಿ ಎದುರಿಗೇ ನಿಂತಿತ್ತು.

4. ಉಲ್ಲೇಖ (2)ರ ಹೇಳಿಕೆಯ ನಕಲು: "ಅಲ್ಲಪ್ಪಾ, ನಾನಿಲ್ಲಿ ಗೂಟದ ಥರ ನಿಂತಿದ್ದೀನಿ, ನಿನ್ನ ಡಬ್ಬಿ ನಾನಿಲ್ಲ ಅಂತಿದೆ! ನಾಡಿದ್ದು ನನ್ನ ಮೊಮ್ಮಗಳಿಗೆ ಹದಿನೈದು ತುಂಬತ್ತೆ, ನಮ್ಮಲ್ಲಿ ಹುಡುಗೀರಿಗೆ ಅದೇ ದೊಡ್ಡ ಹಬ್ಬ. ಊರಿಗೆಲ್ಲ ಹೇಳಿದ್ದೀನಿ. ಮನೇಲಿ ಗ್ಯಾಸಿಲ್ಲ. ಕೇಕನ್ನ ನಿನ್ನ ವ್ಯಾಕರಣದ ಮೇಲಿಟ್ಟು ಬೇಯಿಸ್ಲಾ?" ಸರತಿನುಡಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಲ್ಲದ ಕಾರಣ ಉತ್ತರಿಸಲಾಗಿಲ್ಲ.

5. ಅಷ್ಟರಲ್ಲಿ ಕರೆಂಟು ಹೋಗಿದ್ದು, ಸದರಿಯವರು ಮೆಟ್ಟಿಲು ಹತ್ತಿ "ಯಾರು ಯಾರ ಹಿಂದೆ, ಹೇಳ್ರೋ!" ಎಂದು ಕೂಗಿರುತ್ತಾರೆ. ಕಂಪ್ಯೂಟರ್ ಇಲ್ಲದೆ, ವ್ಯಾಕರಣವಿಲ್ಲದೆ, ಮುಖ್ಯವಾಗಿ ಅನುಮತಿಯಿಲ್ಲದೆ, ಕರೆಂಟು ಬರುವುದರೊಳಗೆ ಲಾರಿ ಖಾಲಿಯಾಗಿದೆ. ಇದು ಸರತಿನುಡಿಯ ನಾಲ್ಕನೆಯ, ಅನಧಿಕೃತ ಅನುಷ್ಠಾನವಾಗಿದ್ದು, ಸರಿಯಾಗಿ ಕೆಲಸ ಮಾಡಿರುವುದು ಅಪರಾಧವನ್ನು ಇನ್ನಷ್ಟು ಗಂಭೀರಗೊಳಿಸುತ್ತದೆ.

6. ಆದ್ದರಿಂದ ಸರ್ವರಿಗೂ ಈ ಮೂಲಕ ಸೂಚಿಸಲಾಗಿದೆ:

(ಅ) ಸಾಲಿನಲ್ಲಿ ಯಾರೂ ಬಾಯಿ ಬಳಸತಕ್ಕದ್ದಲ್ಲ. ಆಕಳಿಕೆಗೆ ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು.

(ಆ) ಮುಂದಿನವರ ಮುಖ, ಟೋಪಿ, ಕೊಡೆಯ ಬಣ್ಣ ಇತ್ಯಾದಿಗಳನ್ನು ನೆನಪಿಟ್ಟುಕೊಳ್ಳುವುದು ಖಾಸಗಿ ದತ್ತಾಂಶ ಸಂಗ್ರಹವಾಗುತ್ತದೆ. ಈಗಾಗಲೇ ನೆನಪಿರುವವರು ಮೂರು ದಿನಗಳೊಳಗೆ ಮರೆತು ವರದಿ ಸಲ್ಲಿಸತಕ್ಕದ್ದು.

(ಇ) ಶ್ರೀಮತಿ ಎನೈದಾ ಅವರು ಶನಿವಾರ ಬೆಳಗಿನೊಳಗೆ ಸಿಲಿಂಡರನ್ನು ಮರಳಿಸಿ, ಅಸ್ತಿತ್ವಕ್ಕಾಗಿ ಹೊಸದಾಗಿ ಅರ್ಜಿ ಹಾಕತಕ್ಕದ್ದು. ಕೇಕನ್ನು ಹಸಿಯಾಗಿ ಹಂಚಲು ಇಲಾಖೆಯ ಅಭ್ಯಂತರವಿಲ್ಲ. ಮೊಮ್ಮಗಳು ಮುಂದಿನ ಆದೇಶದವರೆಗೆ ಹದಿನಾಲ್ಕರಲ್ಲೇ ಮುಂದುವರಿಯಬಹುದು.

7. ನಿರ್ದೇಶಕರು ಏಕಕಾಲಕ್ಕೆ ಕಚೇರಿಯಲ್ಲೂ ಬ್ರೆಡ್ಡಿನ ಸಾಲಿನಲ್ಲೂ ಇರುವುದರಿಂದ, ಅವರಿಗೆ ಕಂಡಿಕೆ 3 ಅನ್ವಯಿಸುವುದಿಲ್ಲ. ಅದು ವಾಕ್ಯದೋಷವಲ್ಲ, ಕರ್ತವ್ಯದ ಮೇಲಿನ ಪ್ರವಾಸ.

ಸಹಿ/-
(ರಿಗೋಬೆರ್ತೊ ಕಿಂದೆಲಾನ್)
ನಿರ್ದೇಶಕರು

ಪ್ರತಿಗಳು:
1. ಮೂರೂ ಶಾಖೆಗಳಿಗೆ, ಒಂದೇ ಪ್ರತಿ, ಜಗಳವಾಡಿ ಹಂಚಿಕೊಳ್ಳಲು.
2. ಹೆರಿಗೆ ಆಸ್ಪತ್ರೆಗೆ, ಜ್ಞಾಪನ.
3. ಶ್ರೀಮತಿ ಎನೈದಾ ಸಾಯಾಸ್, ಬ್ರೆಡ್ಡಿನ ಸಾಲು. ನಿರ್ದೇಶಕರ ಜಾಗವನ್ನು ನೋಡಿಕೊಳ್ಳುತ್ತಿರುವವರು ಇವರೇ ಆದ್ದರಿಂದ, ನಿರ್ದೇಶಕರಿಗೆ ಬ್ರೆಡ್ ಸಿಕ್ಕ ನಂತರವೇ ತಲುಪಿಸತಕ್ಕದ್ದು.
4. ಕಚೇರಿ ಕಡತ.

ಟಪಾಲು ಶಾಖೆಯ ಷರಾ: ಮೂರನೇ ಪ್ರತಿಯನ್ನು ಕಣ್ತಪ್ಪಿನಿಂದ ಎಲ್ಲಕ್ಕಿಂತ ಮೊದಲು ತಲುಪಿಸಲಾಗಿದೆ. ಶ್ರೀಮತಿಯವರು ಪೂರ್ತಿ ಓದಿ, ಮಡಚಿ ಚೀಲಕ್ಕೆ ಹಾಕಿಕೊಂಡರು. ಅಷ್ಟರಲ್ಲಿ ನಿರ್ದೇಶಕರು ಏದುಸಿರು ಬಿಡುತ್ತ ಬಂದು, "ಎನೈದಕ್ಕಾ, ನಿಮ್ಮ ಹಿಂದೆ ನಾನೇ ಅಲ್ವಾ?" ಎಂದರು. "ನೀವಾ? ನೀವು ಆಫೀಸಲ್ಲಿದ್ರಲ್ಲ ಸ್ವಾಮಿ, ಇಲ್ಲಿ ನಿಮ್ಮ ಸಹೀನೇ ಇದೆ ನೋಡಿ. ಒಬ್ಬ ಮನುಷ್ಯ ಎರಡು ಕಡೆ ಹೇಗಿರ್ತಾನೆ? ಹೋಗಿ, ಕೊನೇವರು ಯಾರು ಅಂತ ಕೇಳಿ" ಎಂದು ಶ್ರೀಮತಿಯವರು ತಿಳಿಸಿರುತ್ತಾರೆ. ಬಾಯಿ ನಿಷೇಧದ ಕಂಡಿಕೆ 6(ಅ) ಜಾರಿಯಲ್ಲಿರುವುದು ಅಷ್ಟರಲ್ಲಿ ನೆನಪಾದ ಕಾರಣ ನಿರ್ದೇಶಕರಿಗೆ ಕೇಳಲು ಸಾಧ್ಯವಾಗಲಿಲ್ಲ. ಬ್ರೆಡ್ ಮುಗಿದಿದೆ. ಸಿಲಿಂಡರ್ ಜಪ್ತಿಗೆ ಮನೆಗೆ ಹೋಗಿ ನೋಡಲಾಗಿ, ಕೇಕು ಒಲೆಯಲ್ಲಿದೆ.