ಕೇಬಲ್ ಜಗ್ಗಿ ನೋಡುವ ವರ

"ಜಡಿ ಬಿಚ್ಚಿ ತೋರಸಲಿ. ಚೌರಿ ಸೇರಿಸ್ಯಾರೋ ಏನೋ, ಯಾರಿಗೆ ಗೊತ್ತು," ಎಂದರು ರುದ್ರವ್ವ.

ಸಮುದ್ರದ ತಳದಲ್ಲಿ ಕರೆಂಟಿನ ಕೇಬಲ್ ಹಾಸುತ್ತಾರೆಂದು ನಾನು ಮೊದಲು ಕೇಳಿದ್ದು ಆ ದಿನವೇ. ಮಲಾಡಿನ ಚಾಳಿನ ನಮ್ಮ ಒಂದೇ ಕೋಣೆಗೆ, ನನ್ನ ಮೊಮ್ಮಗಳು ಚಂದ್ರವ್ವನನ್ನು ನೋಡಲು ಈ ರುದ್ರವ್ವ ಮಗನನ್ನು ಕರೆತಂದಿದ್ದರು. ವಿಧವೆಯೆಂದು ನಾನು ಒಲೆಯ ಹಿಂದೆ ಕೂತಿದ್ದೆ. ಒಲೆಯ ಹಿಂದೆ ಎಂದರೆ ಅವರಿಂದ ಒಂದು ಮಾರು ದೂರ. ಮುಂಚೆ ಬಂದಿದ್ದ ಎರಡು ಮನೆಯವರು ಅವಳನ್ನು ನಡೆಸಿ, ಹಾಡಿಸಿ, ಬೇಡವೆಂದು ಎದ್ದುಹೋಗಿದ್ದರು. ಇನ್ನೊಮ್ಮೆ ಹಾಗೆ ಮಾಡಿದರೆ ಮದುವೆಯೇ ಬೇಡ ಎಂದು ಚಂದ್ರವ್ವ ಬೆಳಿಗ್ಗೆಯೇ ಹೇಳಿದ್ದಳು.

ಅವಳು ಜಡೆಗೆ ಕೈ ಹಾಕುವ ಮೊದಲು ನಾನು ಬಾಯಿ ಹಾಕಿದೆ.

"ತಮ್ಮಾ ನೀಲಕಂಠಪ್ಪ, ನೀ ಏನ ಕೆಲಸಾ ಮಾಡ್ತಿ?"

ಸಮುದ್ರದ ಕೇಬಲ್ ಎಷ್ಟು ಎಳೆತ ತಾಳುತ್ತದೆ, ಎಷ್ಟು ಬಾಗುತ್ತದೆ, ತಿರುಚಿದರೆ ಏನಾಗುತ್ತದೆ ಎಂದು ಕಾರ್ಖಾನೆಯಲ್ಲಿ ನೋಡುವುದಂತೆ. ಹಡಗಿನಿಂದ ಇಳಿಸುವಾಗ ಅದು ತನ್ನ ಭಾರಕ್ಕೆ ತಾನೇ ಜಗ್ಗುತ್ತದಂತೆ.

"ಹಗ್ಗಾ ಜಗ್ಗೂದಕ್ಕೂ ಪಗಾರ ಕೊಡ್ತಾರ?"

"ಹಗ್ಗ ಅಲ್ರಿ ಅಜ್ಜಿ. ಒಳಗ ತಾಮ್ರ, ಮ್ಯಾಲೆ ಸೀಸ, ಅದರ ಮ್ಯಾಲೆ ಉಕ್ಕಿನ ತಂತಿ."

"ಅಷ್ಟೆಲ್ಲಾ ಉಟ್ಕೊಂಡು ಬಂದ್ರೂ ನಿಮಗ ನಂಬಿಕಿಲ್ಲ."

"ನಂಬಿ ಹೆಂಗ ಬಿಡೂದ್ರಿ? ಜಗ್ಗತೇವಿ, ಡ್ರಮ್ಮಿಗೆ ಸುತ್ತಿ ಬಿಚ್ಚತೇವಿ, ಕಡೀಕ ಕೊಯ್ದು ನೋಡತೇವಿ."

"ಪಾಸಾದ ತುಂಡು ಸಮುದ್ರಕ್ಕ ಹೋಗತೈತಿ?"

"ಇಲ್ರಿ. ಪರೀಕ್ಷೆ ಆಗಿದ್ದು ಗುಜರಿಗೆ. ಸಮುದ್ರಕ್ಕ ಹೋಗೂದು ಉಳಿದಿದ್ದು."

"ಹಂಗಾದ್ರ ಕೇಳು. ಈಕೀನ್ನ ಎರಡ ಮನಿಯವರು ಜಗ್ಗಿ ನೋಡ್ಯಾರ. ಈಗ ನಿಮ್ಮವ್ವ ಜಗ್ಗಾಕ ಹತ್ಯಾರ. ನೀವು ಮನಿಗೆ ಒಯ್ಯಾಕ ಬಂದೀರೋ, ಗುಜರಿಗೆ ಹಾಕಾಕ ಬಂದೀರೋ?"

ಮುದುಕಿಯ ಬಾಯಿ ಹೀಗಿದ್ದರೆ ಹುಡುಗಿಯದು ಹೇಗಿರಬೇಕು ಎನ್ನುತ್ತ ರುದ್ರವ್ವ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದರು. ಮಗ ಏಳಲಿಲ್ಲ. ಕೆಳಗಿನಿಂದ ಕೂಗಿದರೂ ಏಳಲಿಲ್ಲ. ತನ್ನನ್ನು ಮಾತ್ರ ಇನ್ನೂ ಯಾರೂ ಪರೀಕ್ಷೆ ಮಾಡಿಲ್ಲವೆಂದು ಚಂದ್ರವ್ವನಿಗೆ ಹೇಳಿದ.

ಅವಳು ಜೋಳದ ಹಿಟ್ಟಿನ ಅಗಲ ಪರಾತವನ್ನು ಅವನತ್ತ ನೂಕಿದಳು.

"ರೊಟ್ಟಿ ಬಡೀರಿ, ನೋಡೋಣು."

ಅವನು ಶರ್ಟಿನ ತೋಳು ಮಡಿಚಿ ಒಲೆಯ ಮುಂದೆ ಬಂದು ಕೂತ. ಮೊದಲನೆಯದು ಎತ್ತುವಾಗಲೇ ಹರಿಯಿತು. ಎರಡನೆಯದು ಹೆಂಚಿಗೆ ಅರ್ಧ, ಒಲೆಗೆ ಅರ್ಧ ಬಿತ್ತು. ಚಂದ್ರವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಷ್ಟರಲ್ಲಿ ಮರದ ಮೆಟ್ಟಿಲ ಮೇಲೆ ರುದ್ರವ್ವನ ಚಪ್ಪಲಿ ಮತ್ತೆ ಮೇಲಕ್ಕೆ ಬರುವ ಸದ್ದಾಯಿತು.

ಹುಡುಗ ನನ್ನ ಕಿವಿಯ ಹತ್ತಿರ ಬಗ್ಗಿದ.

"ಅಜ್ಜೀ, ಇನ್ನೊಂದು ಉಂಡಿ ಹಿಟ್ಟು ಕೊಡ್ರಿ. ಅದಕ್ಕೂ ಮೊದಲ ಬಾಗಲಾ ಹಾಕ್ರಿ."