ತತ್ತಿ ಇಡದ ಜಾತಿಯ ಕೋಳಿ

ಶೇಖಪ್ಪ ಹೇಳಿದ ಸುಳ್ಳು ಬಹಳ ಸಣ್ಣದು. "ಇವು ತತ್ತಿ ಇಡೂ ಜಾತಿ ಅಲ್ರಿ ಬಾಯಾರ. ಬರೇ ಚೇಳು, ಹುಳ ಹೆಕ್ಕಿ ತಿಂತಾವು" ಎಂದಿದ್ದ, ಅಷ್ಟೆ.

ಹೇಳಿದ್ದು ಮನೆಯೊಡತಿ ಜಾನಕೀಬಾಯಿಯವರಿಗೆ. ಹಾವೇರಿಯಲ್ಲಿ ಹಿತ್ತಲಿರುವ ಬಾಡಿಗೆ ಮನೆ, ಅದೂ ಬಸ್ ಸ್ಟ್ಯಾಂಡಿಗೆ ಹತ್ತಿರ, ಸಿಗುವುದು ಸುಲಭವಲ್ಲ. ಶೇಖಪ್ಪ ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯಲ್ಲಿ ಗುಮಾಸ್ತ, ದಿನಾ ಬೆಳಿಗ್ಗೆ ಬಸ್ಸು ಹಿಡಿಯಬೇಕಾದವನು. ಈ ಮನೆ ಸಿಗುವ ಮುಂಚೆ ಊರೆಲ್ಲ ಅಲೆದು ಚಪ್ಪಲಿ ಸವೆಸಿದ್ದ. ಮುಂದಿನ ಭಾಗದಲ್ಲಿ ಬಾಯಿಯವರು, ಹಿಂದಿನ ಭಾಗದಲ್ಲಿ ಅವನೂ ಹೆಂಡತಿ ಶೈಲಾಳೂ. ಕರಾರು ಒಂದೇ: ಮನೆಯಲ್ಲಿ ಮಾಂಸ ಬೇಯಬಾರದು, ತತ್ತಿ ಬರಬಾರದು.

ಆದರೆ ಹಿತ್ತಲ ಕಲ್ಲುಸಂದಿಯಲ್ಲಿ ಚೇಳು ಬಹಳ. ಬಾಯಿಯವರಿಗೆ ಒಮ್ಮೆ ಕಡಿದೂ ಇತ್ತು. ಆ ಉರಿಯನ್ನು ನೆನಪಿಸಿಕೊಟ್ಟು, ಒಪ್ಪಿಗೆ ಪಡೆದು, ಶೇಖಪ್ಪ ಹೊಸರಿತ್ತಿಯ ಮಾವನ ಮನೆಯಿಂದ ಮೂರು ಜವಾರಿ ಕೋಳಿ ತಂದು ಬಿಟ್ಟ. ಬಾಯಲ್ಲಿ ಚೇಳಿನ ಮಾತು, ಕಣ್ಣಲ್ಲಿ ಮಾತ್ರ ಬಿಸಿ ಆಮ್ಲೆಟ್ಟು.

ವಿಚಿತ್ರವೆಂದರೆ, ಸುಳ್ಳೇ ಖರೆಯಾಯಿತು. ಕೋಳಿಗಳು ಅವನ ಜೋಳ ತಿಂದು ಮದುವೆಮನೆಯ ಬೀಗರ ಹಾಗೆ ಗತ್ತಿನಿಂದ ತಿರುಗಾಡಿದವು. ತತ್ತಿ ಮಾತ್ರ ಒಂದೂ ಇಡಲಿಲ್ಲ. ಆಸೆಯಾದಾಗ ಮೊದಲಿನಂತೆ ಬ್ಯಾಡಗಿಯಿಂದ ಚೀಲದಲ್ಲಿ ಮುಚ್ಚಿಟ್ಟು ತರುವುದೇ ಗತಿಯಾಯಿತು. ಮೂರು ವಾರದ ಹಿಂದೆ ಕೆಂಪು ಕೋಳಿ ಕಾಣೆಯೂ ಆಯಿತು. ಬೆಕ್ಕು ಒಯ್ದಿರಬೇಕೆಂದು ಶೇಖಪ್ಪ ಎರಡು ದಿನ ಊಟ ಬಿಟ್ಟವನಂತೆ ಮುಖ ಮಾಡಿಕೊಂಡಿದ್ದ.

ಆ ಭಾನುವಾರ ಚಹಾದ ಬಟ್ಟಲು ಹಿಡಿದು ಹಿತ್ತಲಿಗೆ ಬಂದರೆ, ಹಿಂದಿನ ಮನೆಯ ರೋಷನಬಿ ಗೋಡೆಯ ಮೇಲೆ ಗದ್ದವಿಟ್ಟು ಕಾಯುತ್ತಿದ್ದಳು. ಕೋಳಿ ಸಾಕಿ ತಲೆ ಹಣ್ಣಾದ ಹೆಂಗಸು. ಅವಳ ಹುಂಜ ಆಗಾಗ ಗೋಡೆ ಹಾರಿ ಬಂದು ಶೇಖಪ್ಪನ ಕೋಳಿಗಳ ಯೋಗಕ್ಷೇಮ ವಿಚಾರಿಸಿ ಹೋಗುತ್ತಿತ್ತು.

"ಶೇಖಪ್ಪಣ್ಣ, ನಿಮ್ಮ ಕೆಂಪಿ ಸತ್ತಿಲ್ರಿ. ಬಾಯಾರ ಬಚ್ಚಲಮನ್ಯಾಗ ಕಾವಿಗೆ ಕುಂತೈತಿ. ದಿನಾ ಒಮ್ಮೆ ಬೆಳಕಿಂಡಿಯಿಂದ ಹೊರಗ ಬಂದು ನಾಕು ಕಾಳು ತಿಂದು ಮತ್ತ ಒಳಗ ಹೊಕ್ಕತೈತಿ. ಮೂರೂ ಅಲ್ಲೇ ತತ್ತಿ ಇಟ್ಟಂಗ ಕಾಣತೈತಿ. ಇವತ್ತೋ ನಾಳೆನೋ ಮರಿ ಆಗತಾವು."

ಶೇಖಪ್ಪ ಚಹಾದ ಬಟ್ಟಲನ್ನು ಗೋಡೆಯ ಮೇಲಿಟ್ಟ. ಅಂದೇ ಬಾಯಿಯವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ರಾಣೇಬೆನ್ನೂರಿನಿಂದ ನೆಂಟರು ಬರುವವರು. ಅವರಲ್ಲಿ ಒಬ್ಬರು ಕಾಲು ತೊಳೆಯಲು ಬಚ್ಚಲಿಗೆ ಹೋದರೂ ಸಾಕು, ಕೋಳಿ, ತತ್ತಿ, ಸುಳ್ಳು ಮೂರೂ ಒಟ್ಟಿಗೇ ಹೊರಬೀಳುತ್ತವೆ. ಮನೆ ಹೋದ ಹಾಗೆಯೇ. ಪಕ್ಕದ ಮನೆಯ ಹೇಮಂತ ಬೇರೆ, ತನ್ನ ಭಾವನಿಗೆ ಈ ಮನೆ ಬೇಕೆಂದು ದೀಪದ ಹುಳಕ್ಕೆ ಕಾದ ಹಲ್ಲಿಯಂತೆ ಕೂತಿದ್ದ.

"ಈಗ ಏನ್ ಮಾಡ್ತೀರಿ?" ಎಂದಳು ಶೈಲಾ.

"ಪೂಜಾದ ಕೆಲಸಕ್ಕ ಹೋಗ್ತೇನಿ."

ಎಂದೂ ಇಲ್ಲದ ಭಕ್ತಿ ಬಾಡಿಗೆದಾರನಲ್ಲಿ ಹುಟ್ಟಿದ್ದು ಕಂಡು ಬಾಯಿಯವರು ಸಂತೋಷಪಟ್ಟರು. ಬಾಳೆಕಂಬ ಕಟ್ಟಿಸಿದರು, ತೋರಣ ಕಟ್ಟಿಸಿದರು, ತೆಂಗಿನಕಾಯಿ ತುರಿಯಲು ಕೂರಿಸಿದರು. ಅವನು ಬಚ್ಚಲಿನತ್ತ ಒಂದು ಹೆಜ್ಜೆ ಸರಿದರೆ ಅವರು ಇನ್ನೊಂದು ಕೆಲಸ ಹೇಳುತ್ತಿದ್ದರು. ಕೈ ತೊಳೆಯುವ ನೆಪ ಹೇಳಿದ. ಅಂಗಳದ ನಳ ತೋರಿಸಿದರು. ನೆಂಟರಿಗೆ ನೀರು ಕಾಸುತ್ತೇನೆ, ಹಂಡೆಯ ಒಲೆ ಹಚ್ಚಲೇ ಎಂದ. ಬಾಯಿಯವರ ಮುಖ ಬಿಗಿಯಿತು. ಆ ಒಲೆ ಈಗ ಹಚ್ಚುವುದಿಲ್ಲ, ಎಲ್ಲರಿಗೂ ತಣ್ಣೀರೇ ಎಂದರು. ಬಚ್ಚಲಮನೆಯ ಬಾಗಿಲಿಗೆ ಬೀಗ ಬಿದ್ದಿದ್ದು ಆಗ ಅವನ ಕಣ್ಣಿಗೆ ಬಿತ್ತು.

ಅವರಿಗೆ ಗೊತ್ತಾಗಿದೆ. ಪಂಚರ ಮುಂದೆ ತೋರಿಸಲೆಂದೇ ಸಾಕ್ಷಿಯನ್ನು ಕೂಡಿಹಾಕಿದ್ದಾರೆ. ಶೇಖಪ್ಪ ತುರಿದ ಕೊಬ್ಬರಿಯಲ್ಲಿ ಅವನ ಬೆರಳಿನ ಚರ್ಮವೂ ಸ್ವಲ್ಪ ಸೇರಿತು.

ಉಳಿದದ್ದು ಬೆಳಕಿಂಡಿ. ಭಟ್ಟರು ಕಥೆ ಓದಲು ಶುರುಮಾಡಿ ಎಲ್ಲರೂ ಕೈಮುಗಿದು ಕೂತಾಗ ಅವನು ಮೆಲ್ಲಗೆ ಹಿತ್ತಲಿಗೆ ಜಾರಿದ. ಯಾರಾದರೂ ಎದ್ದು ಬಂದರೆ ಮೊಬೈಲಿಗೆ ಮಿಸ್ಡ್ ಕಾಲ್ ಕೊಡು ಎಂದು ಶೈಲಾಳಿಗೆ ಹೇಳಿಟ್ಟಿದ್ದ. ಒಡೆದ ಕೊಡವೊಂದನ್ನು ಬೋರಲು ಹಾಕಿ ಹತ್ತಿ, ಬೆಳಕಿಂಡಿಯೊಳಗೆ ತಲೆ ತೂರಿಸಿದ. ಭುಜವೂ ಹೋಯಿತು. ಹೊಟ್ಟೆ ಹೋಗಲಿಲ್ಲ. ಕೋಳಿಯ ಅಳತೆಗೆ ಮಾಡಿದ ಕಿಂಡಿ ಅದು. ಹಿಂದಕ್ಕೆ ಬರಲು ನೋಡಿದರೆ ಅದೂ ಆಗಲಿಲ್ಲ. ಕಾಲಕೆಳಗಿನ ಕೊಡ ಉರುಳಿಹೋಗಿತ್ತು.

ಕತ್ತಲಿಗೆ ಕಣ್ಣು ಹೊಂದಿಕೊಂಡಾಗ, ಮೂಗಿನ ಮುಂದೆಯೇ ಹಂಡೆಯ ಕಟ್ಟೆಯ ಮೇಲೆ ಕುಳ್ಳಿನ ಬುಟ್ಟಿ ಕಂಡಿತು. ಅದರಲ್ಲಿ ಕೆಂಪಿ ರೆಕ್ಕೆ ಉಬ್ಬಿಸಿ ಕೂತಿತ್ತು. "ಬಾ ನಮ್ಮವ್ವ, ಸುಮ್ನ ಬಾ" ಎಂದು ಶೇಖಪ್ಪ ಕೈ ಚಾಚಿದ. ಅದೇ ಹೊತ್ತಿಗೆ ಅವನ ಅಂಗಿಯ ಕಿಸೆ ಗಂಟಲು ಬಿಚ್ಚಿ ಹಾಡತೊಡಗಿತು. ಕೆಂಪಿ ಬೆದರಿ ನೇರ ಅವನ ಮೂಗಿಗೇ ಕುಕ್ಕಿತು. ಶೇಖಪ್ಪ ಕಿರುಚಿದ, ಕೋಳಿ ಕಿರುಚಿತು, ಒಳಗೆ ಭಟ್ಟರ ಕಥೆ ನಿಂತಿತು.

ಜನ ಎರಡು ಕಡೆಯಿಂದ ಬಂದರು. ಹಿತ್ತಲಿಗೆ ಬಂದವರಿಗೆ ಕಾಲು ಕಂಡವು. ಬಾಯಿಯವರ ಜೊತೆ ಬೀಗ ತೆಗೆದು ಒಳಬಂದವರಿಗೆ ತಲೆ ಕಂಡಿತು. ಹೇಮಂತ ಎಲ್ಲರಿಗಿಂತ ಮುಂದೆ ನಿಂತಿದ್ದ.

"ನೋಡ್ರಿ ಕಾಕು" ಎಂದ ನೆಮ್ಮದಿಯಿಂದ. "ಪೂಜಾದ ದಿನ, ಮನಿಯೊಳಗ ಕೋಳಿ, ತತ್ತಿ. ಇಂಥವರಿಗೆ ಮನಿ ಕೊಟ್ಟೀರಿ. ಇವತ್ತ ಖಾಲಿ ಮಾಡಸ್ರಿ."

ಶೇಖಪ್ಪ ಕಣ್ಣು ಮುಚ್ಚಿದ. ಕಿಂಡಿಯಲ್ಲಿ ನೇತಾಡುತ್ತಲೇ ಸಾಮಾನು ಕಟ್ಟುವ ಲೆಕ್ಕ ಹಾಕಿದ.

ಬಾಯಿಯವರು ಸೊಂಟಕ್ಕೆ ಕೈಯಿಟ್ಟು ಅವನೆದುರು ನಿಂತರು. "ಏನೋ ಶೇಖಪ್ಪಾ, ಬಾಣಂತಿ ಇದ್ದ ಖೋಲಿಗೆ ಗಂಡಸರು ನುಗ್ಗತಾರೇನು? ಅದೂ ಬೆಳಕಿಂಡಿಯಾಗಿಂದ?"

ಬುಟ್ಟಿಯೊಳಗಿನಿಂದ ಕಿಚ್ ಎಂಬ ಸಣ್ಣ ದನಿ ಬಂತು.

"ಹೆರಿಗಿಗೆ ಅಂತ ನನ್ನ ಮನಿ ಹುಡಿಕ್ಕೊಂಡು ಬಂದದ ಅದು. ತವರಿಗೆ ಬಂದವಳನ್ನ ಯಾರಾದ್ರೂ ಹೊರಗ ಹಾಕ್ತಾರೇನು ಹೇಮಂತ? ಹೊಗಿ ಆಗಬಾರದು ಅಂತ ಒಲಿ ಹಚ್ಚದ ತಣ್ಣೀರ್ ಸ್ನಾನ ಮಾಡ್ಲಿಕ್ಕತ್ತೀನಿ. ದೃಷ್ಟಿ ತಾಗಬಾರದು ಅಂತ ಬೀಗ ಹಾಕಿದ್ರ, ಇಂವ ಇಲ್ಲಿ ಬಂದು ಇಣಕ್ತಾನ." ಮತ್ತೆ ಶೇಖಪ್ಪನತ್ತ ತಿರುಗಿ ದನಿ ಇಳಿಸಿದರು. "ತತ್ತಿ ಇಡೂ ಜಾತಿ ಅಲ್ಲ ಅಂತ ಯಾರೋ ನಿನಗ ಮೋಸ ಮಾಡ್ಯಾರ ನೋಡು. ಭೋಳೇ ಮನಷ್ಯಾ ನೀ."

ಶೇಖಪ್ಪನಿಗೆ ಉಸಿರು ಬಂತು. ಎಷ್ಟು ದೊಡ್ಡ ಉಸಿರೆಂದರೆ, ಅದು ಹೊರಗೆ ಹೋದ ಮೇಲೆ ಹೊಟ್ಟೆಯೂ ಸಡಿಲಾಯಿತು. ಬಾಯಿಯವರ ಅಪ್ಪಣೆಯಂತೆ ಹೇಮಂತನೇ ಹಿತ್ತಲಿಗೆ ಹೋಗಿ ಕಾಲು ಹಿಡಿದು ಎಳೆದ. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು. ಗೋಡೆಯ ಮೇಲಿಂದ ರೋಷನಬಿ, ಮರಿಗಳ ಅಪ್ಪ ತಮ್ಮ ಮನೆಯವನು, ತಾವು ಇನ್ನು ಬೀಗರು ಎಂದು ಎಲ್ಲರಿಗೂ ತಿಳಿಸಿದಳು.

ಸಂಜೆಯ ಹೊತ್ತಿಗೆ ಬುಟ್ಟಿಯ ತುಂಬ ಮರಿ. ಪ್ರಸಾದ ತಿಂದ ನೆಂಟರೆಲ್ಲ ಸರದಿಯಲ್ಲಿ ನೋಡಿ ಹೋದರು. ಮೂಗಿಗೆ ಅರಿಶಿನ ಹಚ್ಚಿಕೊಂಡ ಶೇಖಪ್ಪ ಕಟ್ಟೆಯ ಮೇಲೆ ಕೂತು, ಮನೆಯೂ ಉಳಿಯಿತು, ಮಾನವೂ ಉಳಿಯಿತು, ಇನ್ನುಳಿದ ಎರಡು ಕೋಳಿಯ ತತ್ತಿಯಾದರೂ ಕೈಗೆ ಸಿಕ್ಕೀತು ಎಂದು ಹಾಯಾಗಿ ಕಾಲು ಚಾಚಿದ.

ಬಾಯಿಯವರು ಅವನ ಕೈಗೆ ಪ್ರಸಾದ ಕೊಟ್ಟು ಅಲ್ಲೇ ನಿಂತರು.

"ನಾಳಿಯಿಂದ ಜ್ವಾಳದ ನುಚ್ಚು ತಂದು ಹಾಕು, ಬಾಣಂತಿಗೆ ಮೆತ್ತಗಿರಬೇಕು. ಉಳಿದ ಎರಡೂ ತಮ್ಮ ಸರದಿಗೆ ಇಲ್ಲೇ ಬರ್ತಾವ. ಒಂದೂ ತತ್ತಿ ಮುಟ್ಟಬ್ಯಾಡ, ನಾ ದಿನಾ ಎಣಸ್ತೀನಿ."

"ಆತ್ರಿ ಬಾಯಾರ."

ಅವರು ಎರಡು ಹೆಜ್ಜೆ ಹೋಗಿ, ತಿರುಗದೆಯೇ ಹೇಳಿದರು: "ಮತ್ತ ಶುಕ್ರವಾರ ರಾತ್ರಿ ನಿಮ್ಮ ಅಡಗಿಮನ್ಯಾಗ ತತ್ತಿ ಒಡಿಯೂ ಸಪ್ಪಳಾ ಇನ್ನ ಕೇಳಬಾರದಪಾ. ಬಾಣಂತಿ ಅಂಜತಾಳ."